ಪೌಡರ್ ಡಬ್ಬಿಯಲ್ಲಿ ಮೂರು ಹುಣಸೆಬೀಜ

ಡಬ್ಬಿ ಅಲ್ಲಾಡಿಸಿದ ಸದ್ದು ಕೇಳಿದ ಕೂಡಲೇ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

ಚಳ್ಳಕೆರೆಯ ಒಂದು ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಬಿ.ಎಡ್. ವಿದ್ಯಾರ್ಥಿಗಳು ಶಾಲೆಗೆ ಬಂದು ಪಾಠ ಮಾಡುವಾಗ ಹಿಂದೆ ಕೂತು ನೋಡುವುದು, ಆಮೇಲೆ ತಪ್ಪು ಒಪ್ಪು ಹೇಳುವುದು ನನ್ನ ಕೆಲಸ. ಅವತ್ತು ಪಾಠಕ್ಕೆ ನಿಂತವಳು ಮೊಳಕಾಲ್ಮೂರಿನ ನನ್ನ ಹೈಸ್ಕೂಲು ಗೆಳತಿಯ ಮಗಳು. ಮಕ್ಕಳನ್ನು ಮೂವರು ಮೂವರಂತೆ ಕೂರಿಸಿ ಒಂದು ಲೆಕ್ಕ ಕೊಟ್ಟಳು. ಅವರು ಗುಸುಗುಸು ಮಾತಾಡಿ ಮುಗಿಸಿದ ಮೇಲೆ ಚೀಲದಿಂದ ಹಳೆಯ ಪೌಡರ್ ಡಬ್ಬಿಯೊಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಬಣ್ಣವೆಲ್ಲ ಹೋಗಿ ತಗಡು ಕಾಣುವ ಡಬ್ಬಿ. ಒಳಗಿರುವುದು ಮೂರು ಹುಣಸೆಬೀಜ ಎಂದು ನೋಡದೆಯೇ ಗೊತ್ತು ನನಗೆ. ಒಂದರ ಮೇಲೆ ಒಂದು ಗೀರು, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು...

ನಲವತ್ತು ದಾಟಿದ ಹೆಂಗಸು ನಾನು. ಆದರೂ, ಒಂದು ಗೀರಿನ ಬೀಜ ಬಂದರೆ ಎದ್ದು ಬೋರ್ಡಿನ ಹತ್ತಿರ ಹೋಗಬೇಕಾದವಳು ನಾನೇ ಅನ್ನಿಸಿಬಿಟ್ಟಿತು.

ಆ ಡಬ್ಬಿ ನಮ್ಮ ಗಣಿತದ ಮೇಷ್ಟ್ರದ್ದು. ತೊಂಬತ್ತರ ದಶಕದ ನಡುವಿನ ಮಾತು. ಮೊಳಕಾಲ್ಮೂರಿನ ಹಾಸ್ಟೆಲಿನಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದೆ. ನಮ್ಮೂರು ರಾಂಪುರದ ಆಚೆ. ಅಪ್ಪ ಕುರಿ ಕಾಯುತ್ತಿದ್ದ, ಅವ್ವ ಕೂಲಿಗೆ ಹೋಗುತ್ತಿದ್ದಳು. ನಮ್ಮ ಮನೆತನದಲ್ಲಿ ಏಳನೇ ಕ್ಲಾಸು ದಾಟಿದವರು ನನಗಿಂತ ಮುಂಚೆ ಒಬ್ಬರೂ ಇರಲಿಲ್ಲ. ಡಿಗ್ರಿ ಮಾಡಿದವಳೂ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಬಂದದ್ದಲ್ಲ ಅದು.

ಮೇಷ್ಟ್ರು ದಾವಣಗೆರೆ ಕಡೆಯವರು. ಸಣಕಲು ಮೈ, ತುಂಬುತೋಳಿನ ಅಂಗಿ, ದವಡೆಯಲ್ಲಿ ಯಾವಾಗಲೂ ಒಂದು ಲವಂಗ. ಹತ್ತಿರ ಬಂದರೆ ಲವಂಗದ ಘಾಟು ಮೊದಲು ಬರುತ್ತಿತ್ತು, ಆಮೇಲೆ ಅವರು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಪಟ್ಟನೆ ಮುರಿಯುತ್ತಿತ್ತು, ಕೈ ಅಷ್ಟು ಬಿಗಿ. ಮೇಷ್ಟ್ರೆಂದರೆ ಮಕ್ಕಳು ಹೆದರಬೇಕು, ಇವರು ಮಕ್ಕಳಿಗಿಂತ ಹೆಚ್ಚು ಹೆದರುತ್ತಿದ್ದರು. ಪಾಠ ಮುಗಿದ ಮೇಲೆ "ಬಂತಾ? ಎಲ್ಲರಿಗೂ ಬಂತಾ?" ಎಂದು ಕೇಳುವರು. "ಬಂತು ಸಾ" ಎಂದು ನಾವು ಒಟ್ಟಿಗೆ ಕೂಗುತ್ತಿದ್ದೆವು. ಅವರ ಮುಖದ ಮೇಲೆ ನಂಬಿಕೆ ಕಾಣುತ್ತಿರಲಿಲ್ಲ. ಹಿಂದಿನ ವರ್ಷ ಹೀಗೇ ಕೂಗಿದವರಲ್ಲಿ ಬಹಳ ಮಂದಿ ಗಣಿತದಲ್ಲಿ ಫೇಲಾಗಿ ಹೋಗಿದ್ದರು. ಹೋದ ಹುಡುಗಿಯರ್ಯಾರೂ ಮತ್ತೆ ಶಾಲೆಯ ಕಡೆ ಮುಖ ಹಾಕಲಿಲ್ಲ. ಅದು ಅವರ ಎದೆಯ ಮೇಲೆ ಕೂತುಬಿಟ್ಟಿತ್ತೆಂದು ಕಾಣುತ್ತದೆ.

ಆ ಬೇಸಿಗೆಯಲ್ಲಿ ಎಲ್ಲೋ ತರಬೇತಿಗೆ ಹೋಗಿ ಬಂದರು. ಬಂದವರೇ ನಮ್ಮನ್ನು ಮೂವರು ಮೂವರಾಗಿ ಒಡೆದರು. ಬರುವವಳು ಒಬ್ಬಳು, ಅಷ್ಟಿಷ್ಟು ಬರುವವಳು ಒಬ್ಬಳು, ಬಾರದವಳು ಒಬ್ಬಳು; ಕ್ರಮವಾಗಿ ಒಂದು, ಎರಡು, ಮೂರು ಗೀರಿನವರು. ಪಾಠವನ್ನು ಚೂರು ಚೂರು ಮಾಡಿ ಒಬ್ಬೊಬ್ಬರಿಗೆ ಒಂದು ಚೂರು ಕೊಡುವರು. ಅದನ್ನು ಕಲಿತು ಉಳಿದಿಬ್ಬರಿಗೆ ಕಲಿಸಬೇಕು. ಶನಿವಾರ ಡಬ್ಬಿ ಅಲ್ಲಾಡಿಸಿ ಒಂದು ಬೀಜ ತೆಗೆಯುವರು. ಆ ಗೀರಿನವಳು ಬೋರ್ಡಿಗೆ ಹೋಗಿ ಲೆಕ್ಕ ಮಾಡಬೇಕು. ಅವಳಿಗೆ ಎಷ್ಟು ಅಂಕವೋ ಮೂವರಿಗೂ ಅಷ್ಟೇ.

ಉಳಿದ ಮೇಷ್ಟ್ರುಗಳು ನಗುತ್ತಿದ್ದರು. "ಇವ್ರು ಪಾಠ ಮಾಡಲ್ಲ ಕಣ್ರೀ, ಸಂತೆ ನಡೆಸ್ತಾರೆ." ಹೆಡ್ಮಾಸ್ಟರು ನಗಲಿಲ್ಲ. "ಈ ವರ್ಷನೂ ಹಿಂಗೇ ಆದ್ರೆ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋದು ಕಷ್ಟ ಐತೆ" ಎಂದು ವರಾಂಡದಲ್ಲಿ ನಿಲ್ಲಿಸಿ ಹೇಳಿದ್ದು ನಮ್ಮ ಕ್ಲಾಸಿಗೆಲ್ಲ ಕೇಳಿಸಿತು.

ನಮ್ಮ ಗುಂಪಿನಲ್ಲಿ ಒಂದು ಗೀರಿನವಳು ನಾನು. ಎರಡು ಗೀರಿನವಳು ಪೇಟೆಯ ಬಳೆ ಅಂಗಡಿಯವರ ಮಗಳು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ತೆಲುಗು ಎರಡೂ ಆಡುವ ಬಾಯಾಳಿ. ಮೂರು ಗೀರಿನವಳು ನೇಕಾರರ ಮನೆಯ ಹುಡುಗಿ. ಅವಳು ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಮೊದಲನೇ ಶನಿವಾರವೇ ಮೂರು ಗೀರು ಬಿತ್ತು. ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಳು, ನಿಂತೇ ಇದ್ದಳು. ಮೂವರಿಗೂ ಸೊನ್ನೆ.

ನನಗೆ ಅಳು ಬಂತು. ಫಸ್ಟ್ ಕ್ಲಾಸ್ ಬಂದರಷ್ಟೇ ಚಳ್ಳಕೆರೆ ಕಾಲೇಜು, ಇಲ್ಲದಿದ್ದರೆ ಕುರಿಯ ಹಿಂದೆ, ಎಂದು ಅಪ್ಪ ಹೇಳಿ ಕಳಿಸಿದ್ದ. ಮೇಷ್ಟ್ರ ಹತ್ತಿರ ಹೋಗಿ ನನ್ನನ್ನು ಬೇರೆ ಗುಂಪಿಗೆ ಹಾಕಿ ಎಂದೆ. ಅವರು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು.

"ಹಾಕಬಹುದಮ್ಮ. ಆದ್ರೆ ಅವಳನ್ನ ಯಾರ ಹತ್ರ ಕೂರಿಸ್ಲಿ, ನೀನೇ ಹೇಳು."

ನಾನು ತಿರುಗಿ ಬಂದು ಅವಳ ಪಕ್ಕದಲ್ಲೇ ಕೂತೆ. ಉತ್ತರ ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ದಾರಿ ತೋರಿಸಿದವಳು ಬಳೆ ಅಂಗಡಿಯವಳು. ಒಂದು ದಿನ ಲೆಕ್ಕ ಹೇಳಿ ಹೇಳಿ ಸಾಕಾಗಿ ತೆಲುಗಿನಲ್ಲಿ ಬೈದಳು. ಮಗ್ಗದ ಮನೆಯವಳು ತಲೆ ಎತ್ತಿ, ಅಷ್ಟೇ ಚೊಕ್ಕವಾಗಿ ತೆಲುಗಿನಲ್ಲಿ ತಿರುಗಿ ಬೈದಳು. "ಅಲೆಲೆಲೆ! ಬಾಯಿ ಐತೆ ಕಣೇ ಇದಕ್ಕೆ" ಎಂದು ಬಳೆ ಅಂಗಡಿಯವಳು ಕುಣಿದಳು. ಮಗ್ಗದವಳ ಮನೆಯಲ್ಲಿ ತೆಲುಗೇ. ಪುಸ್ತಕದ ಕನ್ನಡ ಅವಳಿಗೆ ಕಲ್ಲು ಅಗಿದ ಹಾಗೆ. ನಮ್ಮೂರು ಗಡಿಯ ಹತ್ತಿರವಾದ್ದರಿಂದ ನನಗೂ ತೆಲುಗು ಬರುತ್ತಿತ್ತು. ಅವತ್ತಿನಿಂದ ನಮ್ಮ ಗುಂಪಿನ ಗಣಿತವೆಲ್ಲ ತೆಲುಗಿನಲ್ಲಿ ನಡೆಯಿತು, ಬರೆಯುವುದು ಮಾತ್ರ ಕನ್ನಡದಲ್ಲಿ.

ಮೇಷ್ಟ್ರಿಗೆ ತೆಲುಗು ಒಂದಕ್ಷರ ಬಾರದು. ನಮ್ಮ ಪಕ್ಕದಲ್ಲಿ ನಿಂತು ಒಬ್ಬೊಬ್ಬರ ಬಾಯನ್ನೇ ನೋಡುವರು. ನಾವು ಲೆಕ್ಕ ಮಾತಾಡುತ್ತಿದ್ದೇವೋ ಸಿನಿಮಾ ಮಾತಾಡುತ್ತಿದ್ದೇವೋ ಅವರಿಗೆ ತಿಳಿಯುವ ಬಗೆಯಿರಲಿಲ್ಲ. ಆದರೂ ಬೇಡ ಅನ್ನಲಿಲ್ಲ. "ಮೆಲ್ಲಗೆ ಮಾತಾಡ್ರಮ್ಮ, ಹೆಡ್ಮಾಸ್ಟ್ರಿಗೆ ಕೇಳಿಸ್ತದೆ" ಎಂದು ಬಾಗಿಲಿಗೆ ಹೋಗಿ ನಿಲ್ಲುವರು. ಹಾಗೆ ಕಾವಲು ನಿಂತ ಅವರ ಬೆನ್ನು ನೆನಪಿದೆ. ಅಂಗಿ ಬೆವರಿಗೆ ಅಂಟಿಕೊಂಡಿರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮಗ್ಗದ ಮನೆಯವಳು ಶಾಲೆಗೆ ಬರುವುದು ನಿಂತಿತು. ಮದುವೆಯ ಕಾಲ ಹತ್ತಿರ ಬಂದಿತ್ತು, ಸೀರೆಗೆ ಬೇಡಿಕೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಮೈ ನೇಯಲು ಅಪ್ಪ ಮಗ್ಗದ ಗುಂಡಿಯಲ್ಲಿ ಕೂತರೆ, ಅಂಚಿನ ನೂಲು ಸುತ್ತಿದ ಲಾಳಿ ದಾಟಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಸಾಲು ಸಾಲಿಗೂ ಅಂಚಿನ ಎಳೆ ಮೈಯ ಎಳೆಗೆ ಕೊಂಡಿ ಹಾಕಿಕೊಳ್ಳಬೇಕು. ಅವಳಿಲ್ಲದೆ ಮಗ್ಗ ನಡೆಯುವಂತಿರಲಿಲ್ಲ.

ಬಳೆ ಅಂಗಡಿಯವಳು, ನಾನು ಅವಳ ಮನೆಗೆ ಹೋಗತೊಡಗಿದೆವು. ಗಂಜಿಯ ಹುಳಿವಾಸನೆ, ರೇಷ್ಮೆಯ ವಾಸನೆ ತುಂಬಿದ ಕತ್ತಲೆ ಪಡಸಾಲೆ. ಅವಳು ಲಾಳಿ ದಾಟಿಸುತ್ತ ಕೇಳಿಸಿಕೊಳ್ಳುವಳು. ಕೇಳಿದರೆ ಆಯಿತೇ, ಬರೆಯಬೇಡವೇ? ಅದಕ್ಕೆ ನಾನೊಂದು ಉಪಾಯ ಮಾಡಿದೆ. ಅವಳ ಜಾಗದಲ್ಲಿ ನಾನು ಕೂತು ಲಾಳಿ ಹಿಡಿಯುವುದು, ಅವಳು ನೆಲದ ಮೇಲೆ ಲೆಕ್ಕ ಬರೆಯುವುದು. ಅವಳಪ್ಪ ಮೊದಲು ಗೊಣಗಿದ. ನನ್ನ ಕೈ ಕುದುರಿದ್ದನ್ನು ಕಂಡು ಸುಮ್ಮನಾದ.

ಒಂದು ಮಧ್ಯಾಹ್ನ ಲಾಳಿ ದಾಟಿಸುತ್ತಲೇ ಅವಳಿಗೆ ಪ್ರಮೇಯ ಒಪ್ಪಿಸುತ್ತಿದ್ದೆ. ಬಾಯಿ ಸರಿಯಾಗಿ ಹೇಳಿತು, ಕೈ ಕೊಂಡಿ ತಪ್ಪಿಸಿತು. ನೇಯ್ದ ಬಟ್ಟೆಯನ್ನು ಅವಳಪ್ಪ ಅಂಗೈಯಿಂದ ಸವರಿ ನೋಡುವುದು ವಾಡಿಕೆ. ಸವರಿದವನು ಅಲ್ಲೇ ನಿಂತ. ಮೈಗೂ ಅಂಚಿಗೂ ನಡುವೆ ಬೆರಳು ತೂರುವಷ್ಟು ಸೀಳು.

"ಲೆಕ್ಕ ಕಲ್ಸಾಕೆ ಬಂದು ಸೀರೆ ಸೀಳಿದ್ರಲ್ಲೇ..." ಅಂದ. ಜೋರಾಗಿ ಕೂಗಲಿಲ್ಲ, ಅದಕ್ಕೇ ಇನ್ನೂ ಭಯವಾಯಿತು. "ನಾಳಿಂದ ನೀವು ಬರೋದು ಬ್ಯಾಡ. ಇವಳು ಪರೀಕ್ಷೆಗೆ ಕೂರೋದೂ ಬ್ಯಾಡ."

ಓಡಿಹೋಗಿ ಮೇಷ್ಟ್ರಿಗೆ ಹೇಳಿದೆವು. ಅವರ ಮುಖ ಬಿಳಿಚಿತು.  ಕುರ್ಚಿಯ ಮೇಲಿದ್ದ ಕೊಡೆ ತೆಗೆದುಕೊಂಡು, ಮೋಡವೂ ಇಲ್ಲದ ಬಿಸಿಲಲ್ಲಿ ಅದನ್ನು ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ನಮ್ಮ ಹಿಂದೆ ನಡೆದರು. ಜೇಬಿನಲ್ಲಿ ಡಬ್ಬಿ ಗಲಗಲ ಎನ್ನುತ್ತಿತ್ತು.

ನಾವು ಹೋದಾಗ ಅಪ್ಪ ಮಗಳು ಇಬ್ಬರೂ ಮಗ್ಗಕ್ಕೆ ಬಾಗಿ, ಸೀಳಿನವರೆಗೂ ನೇಯ್ದದ್ದನ್ನು ಎಳೆ ಎಳೆಯಾಗಿ ಬಿಚ್ಚುತ್ತಿದ್ದರು. ಮೇಷ್ಟ್ರು ಕೊಡೆ ಕೆಳಗಿಟ್ಟು ತೋಳು ಮಡಚಿದರು. "ನಾನೂ ಒಂದು ಕೈ ಹಾಕ್ತೀನಿ ಕೊಡಿ."

ಅವಳಪ್ಪ ಸೀಮೆಸುಣ್ಣ ಹತ್ತಿದ ಅವರ ಬೆರಳು ನೋಡಿದ. "ವದ್ದು ಸಾರ್, ಬ್ಯಾಡ. ಒಂದು ಸೀಳಿಗೆ ನಾನು ಅಳ್ತಾ ಇದೀನಿ. ನೀವು ಮುಟ್ಟಿದ್ರೆ ಸೀರೆ ಪಂಚೆ ಆಗ್ತೈತೆ."

ಬಳೆ ಅಂಗಡಿಯವಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ತೋಳು ಇಳಿಸಿ, ಕರೆಯದೆಯೇ ನೆಲದ ಮೇಲೆ ಕೂತರು. ಹುಡುಗಿಯನ್ನು ಪರೀಕ್ಷೆಗೆ ಕಳಿಸಿ ಎಂದು ಕೇಳಿದರು. ಅವಳಪ್ಪ ಎಳೆ ಬಿಚ್ಚುತ್ತಲೇ ಕೇಳಿದ:

"ಪಾಸಾಗ್ತಾಳೇನು? ನೀವು ಹೇಳ್ರಿ ಸಾರ್. ಆಗ್ತಾಳೆ ಅನ್ರಿ, ಕಳಿಸ್ತೀನಿ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಯಾವ ಮೇಷ್ಟ್ರಾದರೂ ಅನ್ನುತ್ತಿದ್ದರು. ನಮ್ಮ ಮೇಷ್ಟ್ರು ನೆಲದ ಮೇಲೆ ಬಿದ್ದಿದ್ದ ಒಂದು ಎಳೆಯನ್ನು ಎತ್ತಿ ಬೆರಳಿಗೆ ಸುತ್ತಿಕೊಂಡರು. 

"ಗೊತ್ತಿಲ್ಲ ಯಜಮಾನ್ರೇ" ಎಂದರು. "ನನಗೂ ಭಯ ಆಗ್ತದೆ. ದಿನಾ ಭಯ ಆಗ್ತದೆ."

ಅವಳಪ್ಪ ತಲೆ ಎತ್ತಿ ಅವರನ್ನು ಸರಿಯಾಗಿ ನೋಡಿದ್ದು ಆಗಲೇ. "ಹೆದ್ರೋ ಮೇಷ್ಟ್ರನ್ನ ಇವತ್ತೇ ನೋಡಿದ್ದು ನಾನು" ಅಂದ. ಆಮೇಲೆ, "ಜೇಬಲ್ಲಿ ಏನದು, ಗಲಗಲ?"

ಮೇಷ್ಟ್ರು ಡಬ್ಬಿ ತೆಗೆದು ಆಟದ ಕ್ರಮವನ್ನೆಲ್ಲ ಹೇಳಿದರು. ಅವಳಪ್ಪನಿಗೆ ತಮಾಷೆ ಅನ್ನಿಸಿತೋ ಏನೋ, ತಾನೇ ಅಲ್ಲಾಡಿಸಿ ಒಂದು ಬೀಜ ತೆಗೆದ. ಒಂದು ಗೀರು. ನನ್ನದು. ನನಗೆ ಹೋದ ಜೀವ ಬಂದಂತಾಯಿತು. ಮೇಷ್ಟ್ರು ಕೂಡ ಉಸಿರು ಬಿಟ್ಟಿದ್ದು ಕೇಳಿಸಿತು. ನಾನು ಏಳುತ್ತಿದ್ದೆ... ಅಷ್ಟರಲ್ಲಿ ಮಗ್ಗದ ಪಕ್ಕದಿಂದ ಅವಳೇ ಎದ್ದಳು.

"ನಾನ್ ಮಾಡ್ತೀನಿ ಸಾ."

ಮೇಷ್ಟ್ರು ಬೇಡವೆನ್ನುವಂತೆ ಕೈ ಎತ್ತಿದರು. ಕೈ ಅರ್ಧಕ್ಕೇ ನಿಂತಿತು. ಜೇಬಿನಿಂದ ಸೀಮೆಸುಣ್ಣ ತೆಗೆದು ಕೊಟ್ಟು ಲೆಕ್ಕ ಹೇಳಿದರು. ಆರಡಿ ಎತ್ತರದ ಮನುಷ್ಯನ ನೆರಳು ನಾಲ್ಕಡಿ ಬಿದ್ದಿದೆ. ಅದೇ ಹೊತ್ತಿಗೆ ಬೇವಿನ ಮರದ ನೆರಳು ಇಪ್ಪತ್ತಡಿ. ಮರದ ಎತ್ತರ ಎಷ್ಟು?

ಅವಳು ಕಲ್ಲುಚಪ್ಪಡಿಯ ಮೇಲೆ ಎರಡು ತ್ರಿಕೋನ ಎಳೆದಳು, ಒಂದು ಚಿಕ್ಕದು, ಒಂದು ದೊಡ್ಡದು. ಬರೆಯುತ್ತ ಅಪ್ಪನ ಕಡೆ ತಿರುಗಿ ತೆಲುಗಿನಲ್ಲಿ ಹೇಳತೊಡಗಿದಳು. ಮನುಷ್ಯನ ನೆರಳಿಗೆ ಮನುಷ್ಯ ಹೇಗೋ ಮರದ ನೆರಳಿಗೆ ಮರ ಹಾಗೆ, ಬಿಸಿಲು ಇಬ್ಬರಿಗೂ ಒಂದೇ ಓರೆಯಲ್ಲಿ ಬೀಳುತ್ತದಲ್ಲ ಅಪ್ಪಾ, ಎಂದು. ಅವಳಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅವನಿಗೆ ತ್ರಿಕೋನ ಅರ್ಥವಾಗಲಿಲ್ಲ, ಮಗಳ ಮಾತು ಅರ್ಥವಾಯಿತು. ಮೇಷ್ಟ್ರಿಗೆ ತ್ರಿಕೋನ ಅರ್ಥವಾಯಿತು, ಮಾತು ಆಗಲಿಲ್ಲ. ಅವರು ಚಪ್ಪಡಿಯನ್ನು ನೋಡುತ್ತಲೇ ಇರಲಿಲ್ಲ. ಅವಳಪ್ಪನ ಮುಖವನ್ನು ನೋಡುತ್ತಿದ್ದರು. ಆ ಮುಖ ಒಮ್ಮೆ ಗಂಟಿಕ್ಕಿತು, ಆಮೇಲೆ ಸಡಿಲವಾಯಿತು, ಆಮೇಲೆ ತಲೆ ಮೆಲ್ಲಗೆ ಹೌದು ಹೌದೆಂದು ಆಡಿತು. ಆಗ ಮೇಷ್ಟ್ರ ತಲೆಯೂ ಆಡಿತು.

"ಮೂವತ್ತಡಿ" ಎಂದು ಅವಳು ಕನ್ನಡದಲ್ಲಿ ಮುಗಿಸಿದಳು.

ಅವಳಪ್ಪ ಬಾಗಿಲಿಗೆ ಹೋಗಿ ಬೀದಿಯ ಬೇವಿನ ಮರವನ್ನು ಅಡಿಯಿಂದ ತುದಿಯವರೆಗೂ ನೋಡಿ ಬಂದ. "ನಮ್ಮದು ಅಷ್ಟಿಲ್ಲ ಬಿಡ್ರಿ" ಅಂದ. ಮತ್ತೆ ಮಗ್ಗದ ಗುಂಡಿಗೆ ಇಳಿಯುತ್ತ, "ಬೆಳಿಗ್ಗೆ ನೇಯ್ಲಿ. ಊಟ ಆದ್ಮೇಲೆ ಕರ್ಕೊಂಡು ಹೋಗ್ರಿ. ಲಾಳಿಗೆ ನಮ್ ತಂಗೀನ ಕರೀತೀನಿ" ಅಂದು, ನನ್ನ ಕಡೆ ಬೆರಳು ತೋರಿಸಿದ. "ಈ ಕುರಿ ಕಾಯೋರ ಹುಡುಗಿ ಮಾತ್ರ ಮಗ್ಗ ಮುಟ್ಟಂಗಿಲ್ಲ."

ಆ ಬೇಸಿಗೆಯ ಪರೀಕ್ಷೆಯ ದಿನಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ವರ್ಷವಿಡೀ ಮೂವರಾಗಿ ಕೂತವರನ್ನು ಮೂರು ಕೋಣೆಗೆ ಹಾಕಿದರು. ಗಣಿತದ ದಿನ ಮೇಷ್ಟ್ರು ಗೇಟಿನ ಹೊರಗೆ ನಿಂತಿದ್ದರು. ಒಳಗೆ ಬಿಡುವಂತಿರಲಿಲ್ಲ. ಅವರ ಜೇಬಿನ ಡಬ್ಬಿಯ ಸದ್ದು ಅವರು ನಿಂತಲ್ಲಿ ನಿಲ್ಲಲಾಗದೆ ಸುಳಿದಾಡುತ್ತಿದ್ದಾರೆ ಎಂದು ಬೀದಿಗೆಲ್ಲ ಸಾರುತ್ತಿತ್ತು. "ಗಾಬರಿ ಆಗಬ್ಯಾಡ್ರಿ" ಎಂದು ನಮಗೆ ಹೇಳಿದರು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ನನ್ನ ಬಾಯಿಗೆ ಮೊದಲು ಬಂದದ್ದು ತೆಲುಗು. ಪಕ್ಕದ ಕೋಣೆಯಲ್ಲಿ ಮಗ್ಗದ ಮನೆಯವಳು ಏನು ಮಾಡುತ್ತಿದ್ದಾಳೋ ಎಂಬ ಚಿಂತೆಯಲ್ಲೇ ಬರೆದೆ. ಹೊರಗೆ ಬಂದ ಮೇಲೆ ಅವಳು ನೆಟ್ಟಗೆ ಮನೆಯ ಕಡೆ ನಡೆದಳು.  ಹೇಗಾಯಿತೆಂದು ಕೇಳಲು ಮೇಷ್ಟ್ರಿಗೆ ಧೈರ್ಯವಾಗಲಿಲ್ಲವೇನೋ...

ಫಲಿತಾಂಶ ಬಂತು. ನನಗೆ ಫಸ್ಟ್ ಕ್ಲಾಸ್. ಬಳೆ ಅಂಗಡಿಯವಳು ಪಾಸು. ಮಗ್ಗದ ಮನೆಯವಳು ಗಣಿತದಲ್ಲಿ ಅರವತ್ತರ ಮೇಲೆ ತೆಗೆದಿದ್ದಳು, ನಮ್ಮ ಶಾಲೆಯೇ ಬೆರಗಾಯಿತು. ಇಂಗ್ಲಿಷಿನಲ್ಲಿ ಹೋಗಿದ್ದಳು.

ಗಣಿತ ಗಣಿತ ಎಂದು ನಾವೆಲ್ಲ ಒಂದೇ ಬಾಗಿಲು ಕಾದಿದ್ದೆವು.

ಆ ವೇಳೆಗೆ ಮೇಷ್ಟ್ರಿಗೆ ದೂರದ ತಾಲ್ಲೂಕಿಗೆ ವರ್ಗವಾಗಿತ್ತು. ಸಾಮಾನು ಒಯ್ಯಲು ಬಂದ ದಿನ ಅವಳ ಮನೆಗೆ ಹೋಗಿದ್ದರಂತೆ. ನಾನಾಗ ಊರಿನಲ್ಲಿದ್ದೆ. ಅವಳು ಆಮೇಲೆ ಹೇಳಿದ್ದು. ಬಾಗಿಲಲ್ಲೇ ನಿಂತು "ಗಣಿತ?" ಎಂದು ಕೇಳಿದರಂತೆ. ಇವಳು ಅಂಕ ಹೇಳಿದಳು. ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರಂತೆ. ಉಳಿದ ವಿಷಯ ಅವರು ಕೇಳಲಿಲ್ಲ. ಇವಳು ಹೇಳಲಿಲ್ಲ. "ಹೆಂಗೆ ಹೇಳ್ಲೇ ಆ ಮುಖ ನೋಡಿ? ಒಂದಿನನಾದ್ರೂ ಹೆದ್ರಿಕೆ ಇಲ್ದೆ ಬಸ್ ಹತ್ಲಿ ಅಂತ ಸುಮ್ಕಾದೆ" ಎಂದಳು ನನಗೆ. ಹೋಗುವಾಗ ಡಬ್ಬಿಯನ್ನು ಅವಳ ಕೈಗಿಟ್ಟು ಹೋದರು.

ಅವಳು ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಮಗ್ಗವಿತ್ತು, ಎರಡು ವರ್ಷಕ್ಕೆ ಮದುವೆಯಾಯಿತು, ಗಂಡನ ಮನೆಯಲ್ಲೂ ಮಗ್ಗವೇ. ನಾನು ಚಳ್ಳಕೆರೆಗೆ ಬಂದೆ, ಓದಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಎಂ.ಎಡ್. ಮಾಡುವಾಗ, ಮೇಷ್ಟ್ರು ಮಾಡುತ್ತಿದ್ದುದಕ್ಕೆ ಸಹಕಾರಿ ಕಲಿಕೆ ಎಂಬ ಹೆಸರಿದೆಯೆಂದು ಗೊತ್ತಾಯಿತು. ಅದೇ ವಿಷಯದ ಮೇಲೆ ಪ್ರಬಂಧ ಬರೆಯಲು ಹಿಡಿದೆ. ಈ ಬಗ್ಗೆ ಜಗತ್ತಿನಲ್ಲಿ ಸಂಶೋಧನೆ ಹೇಗೆ ಸಾಗಿದೆ ಎಂದು ಒಂದು ಅಧ್ಯಾಯ ಬರೆಯಬೇಕಿತ್ತು. ಓದುತ್ತ ಹೋದಂತೆ ನನಗೆ ಕಂಡದ್ದಿಷ್ಟು. ಮೊದಮೊದಲಿನವರು ತರಗತಿಯ ಬಾಗಿಲಲ್ಲೇ ನಿಂತು ಅಂಕ ಕೇಳಿದರು: ಗುಂಪಿನಲ್ಲಿ ಕಲಿತವರಿಗೆ ಹೆಚ್ಚೋ, ಒಬ್ಬೊಬ್ಬರೇ ಕಲಿತವರಿಗೆ ಹೆಚ್ಚೋ. ಆಮೇಲಿನವರು ಒಳಗೆ ಬಂದು, ಗುಂಪಿನಲ್ಲಿ ಪ್ರತಿಯೊಬ್ಬರೂ ಉತ್ತರ ಹೇಳಬೇಕಾದ ಕಟ್ಟುಪಾಡು ಇದೆಯೇ ಎಂದು ನೋಡಿದರು. ಇನ್ನೂ ಈಚಿನವರು ಮಕ್ಕಳ ಪಕ್ಕದಲ್ಲೇ ಕೂತು, ಯಾರು ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಕಿವಿಗೊಡುತ್ತಿದ್ದಾರೆ. ಅದನ್ನು ಓದಿದ ದಿನ ಗ್ರಂಥಾಲಯದಲ್ಲಿ ಒಬ್ಬಳೇ ನಕ್ಕೆ. ನಮ್ಮ ಮೇಷ್ಟ್ರು ಅಷ್ಟು ಹತ್ತಿರ ಬಂದು ನಿಂತಿದ್ದರು, ಒಂದು ಮಾತೂ ಅರ್ಥವಾಗದೆ, ಬೆವರುತ್ತ.

ಪ್ರಬಂಧ ಮುಗಿದ ಮೇಲೆ ಅವರಿಗೆ ತೋರಿಸಬೇಕೆಂದು ವಿಚಾರಿಸಿದೆ. ನಮ್ಮ ಹಳೆಯ ಶಾಲೆಯ ಗುಮಾಸ್ತರು ಹೇಳಿದರು, ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಎದೆನೋವಂತೆ. ಆ ಎದೆ ಅಷ್ಟು ದಿನ ತಡೆದದ್ದೇ ಹೆಚ್ಚು ಅನ್ನಿಸಿ, ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಅತ್ತೆ.

ಮೊನ್ನೆ ಪಾಠ ಮುಗಿದ ಮೇಲೆ ಗೆಳತಿಯ ಮಗಳಿಂದ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದೆ. "ಅವ್ವ ಕೊಟ್ಲು ಮೇಡಂ, ಪಾಠಕ್ಕೆ ಆಗ್ತೈತೆ ಅಂತ" ಎಂದಳು. ಮೂಗಿನ ಹತ್ತಿರ ಹಿಡಿದೆ. ಲವಂಗದ ಘಾಟು ಎಲ್ಲಾದರೂ ಉಳಿದಿರಬಹುದೆಂಬ ಆಸೆ. ಗಂಜಿ, ರೇಷ್ಮೆ, ಹಳೆಯ ತಗಡು, ಅಷ್ಟೇ.

ಮನೆಗೆ ಬಂದು ಮಗ್ಗದ ಮನೆಯ ಗೆಳತಿಗೆ ಫೋನ್ ಮಾಡಿದೆ. ಮಗಳು ಚೆನ್ನಾಗಿ ಪಾಠ ಮಾಡಿದಳೆಂದೆ. ಅವಳಿಗೆ ಖುಷಿಯಾಯಿತು. ಆ ಖುಷಿಯಲ್ಲಿ ನನ್ನ ಬಾಯಿ ತಡೆಯಲಿಲ್ಲ.

"ಏಯ್, ಆ ಇಂಗ್ಲಿಷ್ ಈಗಲಾದ್ರೂ ಕಟ್ಟೇ. ವಯಸ್ಸಿನ ಅಡ್ಡಿ ಇಲ್ಲ. ನಾನು ಬಂದು ಹೇಳಿಕೊಡ್ತೀನಿ."

ಅತ್ತ ಕಡೆ ಮಗ್ಗ ಒಂದೆರಡು ಬಡಿತ ಬಡಿಯಿತು. ಅವಳು ನಗುತ್ತಿದ್ದಳು.

"ನೀನು ಹೇಳ್ಕೊಡ್ತೀಯ ಸರಿ ಕಣೇ. ಲಾಳಿ ಯಾರು ಹಿಡೀತಾರೆ? ನಿನಗೆ ಮುಟ್ಟಂಗಿಲ್ಲ ಅಂದವ್ನೆ ನಮ್ಮಪ್ಪ."

ನಾನೂ ನಕ್ಕೆ. ನಗು ನಿಂತ ಮೇಲೆ ಫೋನಿನಲ್ಲಿ ಮಗ್ಗದ ಸದ್ದು ಮಾತ್ರ ಬರುತ್ತಿತ್ತು... ಬಹಳ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದೆ.